ಎಣ್ಣೆ ಕೊಳವೆ ಬಿಚ್ಚಿದ್ದು ನಾನು

ಆ ಟರ್ಬೋ ಹಾಳಾದದ್ದು ಸೆಲ್ವಂನಿಂದಲ್ಲ, ನನ್ನಿಂದ. ಈ ಒಂದು ವಾಕ್ಯವನ್ನು ನಾಲ್ಕು ವರ್ಷಗಳಿಂದ ಬಾಯಿಯವರೆಗೆ ತಂದು ನುಂಗಿದ್ದೇನೆ. ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ, ಯಾರೋ ಎಂಜಿನ್ ಮಾತು ತೆಗೆದು, “ಯಾರಿಗಾದ್ರೂ ಕೊಡಿ, ಆ ಮಲವಗೊಪ್ಪದ ಸೆಲ್ವಂಗೆ ಮಾತ್ರ ಕೊಡ್ಬೇಡಿ” ಎಂದಾಗ ನಾನು ಪಕ್ಕದಲ್ಲೇ ಇದ್ದೆ. ಕಾಫಿ ಕುಡಿಯುತ್ತಿದ್ದೆ. ಲೋಟ ಕೆಳಗಿಡಲಿಲ್ಲ.

ನಾನು ಭದ್ರಾವತಿಯ ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದವನು. ಬೇರೆಯವರು ಮಾಡಿದ್ದನ್ನು ಅಳೆದು, ಸರಿ ಅಥವಾ ತಪ್ಪು ಎಂದು ಬರೆದು, ಸಹಿ ಹಾಕುವುದು — ಅಷ್ಟೇ ನನ್ನ ಕೆಲಸ. ಐದೂವರೆಗೆ ಏಳುವುದು, ಆರಕ್ಕೆ ಸ್ನಾನ, ಏಳಕ್ಕೆ ತಿಂಡಿ. ನಿವೃತ್ತಿಯಾಗಿ ಶಿವಮೊಗ್ಗಕ್ಕೆ ಬಂದ ಮೇಲೂ ಇದರಲ್ಲಿ ಐದು ನಿಮಿಷ ಹೆಚ್ಚುಕಡಿಮೆಯಾಗಿಲ್ಲ. “ನಿಮ್ ಹೊಟ್ಟೆ ಒಳಗೇ ಒಂದು ಸೈರನ್ ಇದೆ” ಎನ್ನುತ್ತಾಳೆ ನನ್ನ ಹೆಂಡತಿ. ಇದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಸೆಲ್ವಂ ಅದೇ ಕಾರ್ಖಾನೆಯ ಲೇತ್ ಕೆಲಸಗಾರ. ನನಗಿಂತ ಹದಿನೈದು ವರ್ಷ ಚಿಕ್ಕವನು. ಅವನ ತಾತ ತಮಿಳುನಾಡಿನಿಂದ ಬಂದು ಭದ್ರಾವತಿಯಲ್ಲಿ ನೆಲೆ ನಿಂತವರು. ಕೆಲಸ ಬಿಟ್ಟ ಮೇಲೆ ಮಲವಗೊಪ್ಪದಲ್ಲಿ ತಗಡಿನ ಶೆಡ್ಡೊಂದನ್ನು ಹಾಕಿಕೊಂಡ. ಕಿವಿಯಿಟ್ಟು ಕೇಳಿಯೇ ಎಂಜಿನ್ನಿನ ರೋಗ ಹೇಳುವವನು. ಕಿವಿಯ ಮೇಲೆ ನಂಬಿಕೆಯಿಟ್ಟವರ ಮೇಲೆ ನನಗೆ ಎಂದೂ ನಂಬಿಕೆ ಇರಲಿಲ್ಲ.

ನಮ್ಮಿಬ್ಬರನ್ನೂ ಒಂದೇ ಕೆಲಸಕ್ಕೆ ಸೇರಿಸಿದವಳು ಅಶ್ವಿನಿ. ಶಿವಮೊಗ್ಗದಲ್ಲಿ ಟೈರ್ ಅಂಗಡಿ ನಡೆಸುತ್ತಾಳೆ. ಮಣ್ಣಿನ ಟ್ರ್ಯಾಕಿನ ಕಾರ್ ರೇಸುಗಳಲ್ಲಿ ಓಡಿಸುತ್ತಾಳೆ. ಎರಡು ಬಾಗಿಲಿನ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು, ಅದರ ಎಂಜಿನ್ನಿಗೆ ಟರ್ಬೋ ಕೂರಿಸಿ ಶಕ್ತಿಯನ್ನು ಇಮ್ಮಡಿ ಮಾಡಿಕೊಡಿ ಎಂದಳು. “ಸೆಲ್ವಣ್ಣ ಕಟ್ಲಿ, ಸಾರ್ ಅಳತೆ ನೋಡ್ಲಿ. ಇಬ್ರೂ ಜಗಳ ಆಡ್ಕೊಂಡು ಮಾಡಿದ್ರೆ ಎಂಜಿನ್ ಚೆನ್ನಾಗೇ ಬರುತ್ತೆ” ಎಂದು ನಕ್ಕಳು. ಆ ವರ್ಷದ ರೇಸಿಗೆ ಅವಳು ಆಗಲೇ ಹೆಸರು ಕೊಟ್ಟಾಗಿತ್ತು.

ಟರ್ಬೋ ಎಂದರೇನೆಂದು ಗೊತ್ತಿಲ್ಲದವರಿಗಾಗಿ ಎರಡು ಮಾತು. ಎಂಜಿನ್ ಹೊರಗೆ ಬಿಡುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಕೂಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಂಜಿನ್ನಿನೊಳಗೆ ಒತ್ತುತ್ತದೆ. ನಿಮಿಷಕ್ಕೆ ಲಕ್ಷ ಸುತ್ತು ತಿರುಗುವ ಆ ದಂಡ ತೇಲುವುದು ಎಣ್ಣೆಯ ಒಂದು ತೆಳು ಪೊರೆಯ ಮೇಲೆ. ಎಣ್ಣೆ ಬರುವುದು ಪೆನ್ಸಿಲ್ ದಪ್ಪದ ಒಂದು ಕೊಳವೆಯಿಂದ. ಆ ಕೊಳವೆ ಕಟ್ಟಿದರೆ ಎಲ್ಲವೂ ಮುಗಿದಂತೆ.

ಸೆಲ್ವಂನ ಶೆಡ್ಡಿನಲ್ಲಿ ಕೆಲಸ ಶುರುವಾದ ದಿನವೇ ನಾನು ಒಂದು ಅಳತೆ ಪುಸ್ತಕ ಮಾಡಿದೆ. ಕಾರ್ಖಾನೆಯ ಕ್ರಮದಂತೆಯೇ ಕಲಂಗಳು: ದಿನಾಂಕ, ಭಾಗ, ಅಳತೆ, ಕಾರಣ, ಎರಡು ಸಹಿ. ನಿಯಮ ಒಂದೇ — ಒಮ್ಮೆ ಮುಚ್ಚಿದ ಯಾವುದನ್ನೇ ಮತ್ತೆ ಬಿಚ್ಚಿದರೂ ಪುಸ್ತಕದಲ್ಲಿ ಬರೆಯಬೇಕು. ಬಿಚ್ಚಿದವನು ಯಾರು, ಯಾಕೆ ಬಿಚ್ಚಿದ. ಸೆಲ್ವಂ ತಲೆ ಕೆರೆದುಕೊಂಡ.

“ಮೂಗು ಒರೆಸ್ಕೊಂಡ್ರೂ ಬರೀಬೇಕಾ ಸಾರ್?”

“ಎಂಜಿನ್ ಮೇಲೆ ಒರೆಸ್ಕೊಂಡ್ರೆ ಬರಿ.”

ಅವನೂ ಒಂದು ನಿಯಮ ಹೇಳಿದ. ನನಗೆ ಪ್ರತಿ ಜೋಡಣೆಗೂ ಗ್ಯಾಸ್ಕೆಟ್ ಪೇಸ್ಟ್ ಹಚ್ಚುವ ಅಭ್ಯಾಸ. ಎಣ್ಣೆ ಒಂದು ಹನಿ ಜಿನುಗಿದರೂ ತಪಾಸಣೆಯವನ ಮಾನ ಹೋಯಿತು ಎಂದು ಕಲಿತವನು ನಾನು. ನನ್ನ ಉಪಕರಣಗಳ ಪೆಟ್ಟಿಗೆಯಲ್ಲಿ ಯಾವಾಗಲೂ ಕೆಂಪು ಪೇಸ್ಟಿನ ಒಂದು ಟ್ಯೂಬ್ ಇರುತ್ತಿತ್ತು. “ಅದನ್ನ ಟರ್ಬೋ ಹತ್ರ ಮಾತ್ರ ತರಬೇಡಿ ಸಾರ್. ಅಲ್ಲಿ ತಾಮ್ರದ ವಾಷರ್ ಸಾಕು” ಎಂದ. ನಾನು ತಲೆಯಾಡಿಸಿದೆ. ಒಳಗೆ ಮಾತ್ರ — ಇವನೇನು ನನಗೆ ಹೇಳಿಕೊಡುವುದು...

ಅನುಮಾನ ಶುರುವಾದದ್ದು ಮೂರನೆಯ ವಾರ. ನಾಲ್ಕು ಪಿಸ್ಟನ್‌ಗಳ ಅಳತೆಯನ್ನು ನಾನು ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೆ. ಮರುದಿನ ನೋಡುತ್ತೇನೆ, ಎರಡರ ಕೊನೆಯ ಅಂಕಿ ಅಳಿಸಿ ಬೇರೆ ಬರೆದಿದೆ. ಬರೆದ ಕೈ ನನ್ನ ಬರಹವನ್ನೇ ಅನುಕರಿಸಿತ್ತು. ಅನುಕರಿಸುವವನ ಮನಸ್ಸಿನಲ್ಲಿ ಏನಿರಬಹುದು? ನಾನು ಕೇಳಲಿಲ್ಲ. ಮೂವತ್ತಾರು ವರ್ಷದಲ್ಲಿ ಕಲಿತ ಪಾಠವದು: ಕೇಳಬೇಡ, ನೋಡುತ್ತಿರು.

ನೋಡತೊಡಗಿದೆ. ನೋಡತೊಡಗಿದ ಮೇಲೆ ಎಲ್ಲವೂ ಕಾಣತೊಡಗಿತು. ನಾನು ಒಳಗೆ ಬಂದರೆ ಅವನು ಸಣ್ಣ ನೋಟ್‌ಬುಕ್ಕೊಂದನ್ನು ಜೇಬಿಗೆ ಸೇರಿಸುತ್ತಿದ್ದ. ನಾನು ಅಳೆದಿಟ್ಟ ವಸ್ತು ಮರುದಿನ ಇಟ್ಟ ಜಾಗದಲ್ಲಿ ಇರುತ್ತಿರಲಿಲ್ಲ — ಎರಡು ಬೆರಳು ಆಚೆ, ಎರಡು ಬೆರಳು ಈಚೆ. ಒಂದು ದಿನ ಬೇಕೆಂದೇ ಒಂದು ಬಸ್ಸು ಮುಂಚೆ ಹೋದೆ. ಶೆಡ್ಡಿನ ಬಾಗಿಲು ಅರ್ಧ ಎಳೆದಿತ್ತು. ಒಳಗೆ ಸೆಲ್ವಂ ನನ್ನ ಮೈಕ್ರೋಮೀಟರ್ ಹಿಡಿದು, ನಾನು ಅಳೆದು ಮುಗಿಸಿದ್ದ ಪಿಸ್ಟನ್ನನ್ನೇ ಬೆಳಕಿಗೆ ಹಿಡಿದು ಅಳೆಯುತ್ತಿದ್ದ.

“ಏನು ಮಾರಾಯ, ಬೆಳ್ಗೆ ಬೆಳ್ಗೆನೇ?”

ಬೆಚ್ಚಿಬಿದ್ದ. “ಏನಿಲ್ಲ ಸಾರ್. ಧೂಳಿತ್ತು, ಒರೆಸ್ತಿದ್ದೆ.”

ಮೈಕ್ರೋಮೀಟರ್‌ನಿಂದ ಯಾರಾದರೂ ಧೂಳು ಒರೆಸುತ್ತಾರೆಯೇ? ಸುಳ್ಳು. ಆ ಸುಳ್ಳು ಸಿಕ್ಕಿದ್ದಕ್ಕೆ ನನಗೆ ಒಳಗೊಳಗೇ ಒಂದು ತೃಪ್ತಿ ಆಯಿತಲ್ಲ — ಅದನ್ನೂ ಇಲ್ಲಿ ಹೇಳಿಬಿಡಬೇಕು.

ಆಮೇಲೆ ಪಿಂಚಣಿಯ ಕಾಗದಕ್ಕಾಗಿ ನಾನು ಒಂದು ದಿನ ಬ್ಯಾಂಕಿಗೆ ಹೋಗಬೇಕಾಯಿತು. ಮರುದಿನ ಬರುವಷ್ಟರಲ್ಲಿ ಟರ್ಬೋ ಎಂಜಿನ್ನಿನ ಮೇಲೆ ಕೂತಿತ್ತು. ಪುಸ್ತಕದಲ್ಲಿ ಒಂದೇ ಸಹಿ, ಸೆಲ್ವಂದು. ಹೊಸ ಟರ್ಬೋ ಬಂದ ರಟ್ಟಿನ ಪೆಟ್ಟಿಗೆಯೂ ಕಾಣಲಿಲ್ಲ.

“ನಾನಿಲ್ದಾಗ ಯಾಕಪ್ಪ ಕೂರಿಸ್ದೆ?”

“ಅಶ್ವಿನಿ ಮೇಡಂ ಬೇಗ ಅಂದ್ರು ಸಾರ್.”

“ಪೆಟ್ಟಿಗೆ?”

“ಮನೆಯವಳು ಒಲೆಗೆ ಹಾಕಿದ್ಲು. ಬೂದಿ ತಂದು ಅಳೆಸ್ಲಾ?” ನಕ್ಕ. “ಸಾರ್, ನಿಮ್ಮ ಅನುಮಾನಕ್ಕೂ ಒಂದು ಗೇಜು ಮಾಡಿಸ್ಬೇಕು ನೋಡಿ.”

ನಾನು ನಗಲಿಲ್ಲ. ಹೊಸ ಟರ್ಬೋವನ್ನು ಬೇರೆಲ್ಲೋ ಸೇರಿಸಿ, ಯಾವುದೋ ಹಳೆಯದನ್ನು ಉಜ್ಜಿ ಹೊಳಪು ಕೊಟ್ಟು ಕೂರಿಸಿದ್ದಾನೆ — ಹೀಗೆಂದು ನನ್ನ ಮನಸ್ಸು ತೀರ್ಪು ಬರೆದು ಮುಗಿಸಿತ್ತು. ಸಾಕ್ಷಿ ಒಂದು ಬೇಕಾಗಿತ್ತು, ಅಷ್ಟೇ.

ಎರಡು ದಿನ ಬಿಟ್ಟು, ಮಧ್ಯಾಹ್ನ, ರಬ್ಬರ್ ಪೈಪು ತರಲು ಸೆಲ್ವಂ ಸ್ಕೂಟರಿನಲ್ಲಿ ಶಿವಮೊಗ್ಗಕ್ಕೆ ಹೋದ. ಶೆಡ್ಡಿನಲ್ಲಿ ನಾನೊಬ್ಬನೇ. ನಾನು ಬಾಗಿಲು ಎಳೆದುಕೊಂಡೆ. ಅವನ ಬಾಗಿಲು ಅರ್ಧ ಮುಚ್ಚಿದ್ದನ್ನು ಅಪರಾಧವೆಂದು ಎಣಿಸಿದವನು ನಾನು. ನಾನು ಪೂರ್ತಿಯೇ ಮುಚ್ಚಿದೆ.

ಟರ್ಬೋದ ನೆತ್ತಿಯ ಎಣ್ಣೆ ಕೊಳವೆಯನ್ನು ಬಿಚ್ಚಿ ಟಾರ್ಚ್ ಬಿಟ್ಟೆ. ಮೊದಲೇ ಓಡಿದ ಹಳೆಯ ಟರ್ಬೋ ಆದರೆ ಆ ರಂಧ್ರದಲ್ಲಿ ಸುಟ್ಟ ಎಣ್ಣೆಯ ಕಪ್ಪು ಇರಲೇಬೇಕು. ಇರಲಿಲ್ಲ. ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಇಲ್ಲಿಗೆ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ನಿರಾಶೆಯಾಯಿತು. ಒಬ್ಬ ಮನುಷ್ಯ ಪ್ರಾಮಾಣಿಕನೆಂದು ಗೊತ್ತಾಗಿ ನಿರಾಶೆ ಪಡುವವನು ಎಂಥವನು...

ಕೊಳವೆಯನ್ನು ಮತ್ತೆ ಕೂರಿಸಿದೆ. ಆಗ ಕೈ ತಾನಾಗಿಯೇ ನನ್ನ ಉಪಕರಣಗಳ ಪೆಟ್ಟಿಗೆಗೆ ಹೋಯಿತು. ಬಿಚ್ಚಿದ ಜೋಡಣೆ, ಜಿನುಗಿದರೆ ಸಿಕ್ಕಿಬೀಳುತ್ತೇನೆ. ತಾಮ್ರದ ವಾಷರಿನ ಎರಡೂ ಬದಿಗೆ ಕೆಂಪು ಪೇಸ್ಟ್ ಹಚ್ಚಿದೆ, ಧಾರಾಳವಾಗಿಯೇ. ಬಿಗಿ ಮಾಡಿದೆ. ಹೊರಗೆ ಉಬ್ಬಿಬಂದ ಪೇಸ್ಟನ್ನು ಬಟ್ಟೆಯಿಂದ ಒರೆಸಿದೆ. ಒಳಗೆ ಉಬ್ಬಿದ್ದು ಕಾಣುವಂಥದ್ದಲ್ಲ. ಅವನು ಹೇಳಿದ ಮಾತು ನೆನಪಿತ್ತೇ? ಇತ್ತು. ಪೇಸ್ಟ್ ಬೇಡವೆನ್ನುವುದರಲ್ಲೂ ಏನೋ ಹುನ್ನಾರವಿರಬೇಕು ಎಂದುಕೊಂಡಿದ್ದೆ.

ಪುಸ್ತಕ ಮೇಜಿನ ಮೇಲೇ ಇತ್ತು. ಬರೆಯಲಿಲ್ಲ.

ಊರ ಹೊರಗಿನ ಖಾಲಿ ಬಡಾವಣೆಯೊಂದರ ರಸ್ತೆಯಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ಒಂದು ಬೆಳಗ್ಗೆ ಕಾರು ಓಡಿಸಿ ನೋಡಿದೆವು. ಮೊದಲೆರಡು ಸುತ್ತು ಮೆಲ್ಲಗೆ. ಟರ್ಬೋದ ಸಿಳ್ಳೆ ತೆಳ್ಳಗೆ ಕೇಳುತ್ತಿತ್ತು. ಮೂರನೆಯ ಸುತ್ತಿಗೆ ಅಶ್ವಿನಿ ಪೂರ್ತಿ ತುಳಿದಳು. ಸೆಲ್ವಂ ಕಿವಿ ಆ ಕಡೆ ತಿರುಗಿಸಿ ನಿಂತಿದ್ದವನು ಥಟ್ಟನೆ ಕೈ ಎತ್ತಿ, “ನಿಲ್ಸಿ! ಮೇಡಂ, ನಿಲ್ಸಿ!” ಎಂದು ರಸ್ತೆಗೆ ಓಡಿದ. ನನಗೆ ಇನ್ನೂ ಏನೂ ಕೇಳಿಸಿರಲಿಲ್ಲ. ಆಮೇಲೆ ಕೇಳಿಸಿತು — ಕಬ್ಬಿಣ ಚೀರುವ ಶಬ್ದ, ಒಂದು ಪೆಟ್ಟು, ಹಿಂದೆಯೇ ನೀಲಿ ಹೊಗೆ.

ಅಶ್ವಿನಿಗೆ ಏನೂ ಆಗಲಿಲ್ಲ. ಅದು ನನ್ನ ಪುಣ್ಯವಲ್ಲ, ಅವಳದು.

ಶೆಡ್ಡಿಗೆ ಎಳೆದು ತಂದು ಸೆಲ್ವಂ ಟರ್ಬೋ ಬಿಚ್ಚಿದ. ದಂಡ ತುಂಡಾಗಿತ್ತು. ಎಣ್ಣೆ ಕೊಳವೆಯನ್ನು ತೆಗೆದು ರಂಧ್ರವನ್ನು ನೋಡಿದ. ಬಹಳ ಹೊತ್ತು ನೋಡಿದ. ಕಿರುಬೆರಳಿನಿಂದ ಏನನ್ನೋ ಕೆದಕಿ ತೆಗೆದು, ಹೆಬ್ಬೆರಳಿನ ಮೇಲೆ ಉಜ್ಜಿ, ನನ್ನ ಕಡೆ ಒಮ್ಮೆ ತಿರುಗಿ, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ. ಬೆರಳು ಕೆಂಪಾಗಿತ್ತು. ನನಗೆ ಕಂಡಿತು. ಕಾಣಲಿಲ್ಲ ಎಂದು ನಾನು ನಾಲ್ಕು ವರ್ಷ ನನಗೇ ಹೇಳಿಕೊಂಡದ್ದು ಸುಳ್ಳು.

ಅಶ್ವಿನಿ ಕೇಳಿದಳು: “ಟರ್ಬೋ ಕೂರ್ಸಿದ್ದು ಯಾರು?”

ನಾನು ಪುಸ್ತಕ ತೆರೆದು ಅವಳ ಮುಂದೆ ಹಿಡಿದೆ. “ಇಲ್ಲಿ ಒಂದೇ ಸಹಿ ಇದೆಯಮ್ಮ. ಸೆಲ್ವಂದು.”

ಅವನು ನನ್ನನ್ನು ನೋಡಲಿಲ್ಲ. “ಹೌದು ಮೇಡಂ. ಕೂರ್ಸಿದ್ದು ನಾನೇ.”

ನಾನು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅಷ್ಟು ಕ್ರಮಬದ್ಧವಾದ ಸುಳ್ಳನ್ನು ನಾನು ಜೀವನದಲ್ಲಿ ಮತ್ತೊಂದು ಆಡಿಲ್ಲ.

ಆ ವರ್ಷದ ರೇಸ್ ಅಶ್ವಿನಿಗೆ ತಪ್ಪಿತು. ಸುದ್ದಿ ಹರಡಿತು. ಸೆಲ್ವಂನ ಶೆಡ್ಡಿಗೆ ಕಾರುಗಳು ಬರುವುದು ನಿಂತಿತು. ಈಗ ಅಲ್ಲಿರುವುದು ಟಿಲ್ಲರ್, ನೀರೆತ್ತುವ ಪಂಪು, ಹುಲ್ಲು ಕೊಚ್ಚುವ ಯಂತ್ರ. ಅವನು ಯಾಕೆ ಬಾಯಿ ಬಿಡಲಿಲ್ಲ ಎಂಬುದನ್ನೂ ನಾನು ಅನುಮಾನದಿಂದಲೇ ಅಳೆದೆ. ಅವನದೇ ಬೇರೆ ತಪ್ಪುಗಳಿರಬೇಕು, ಅಳಿಸಿ ಬರೆದ ಆ ಅಂಕಿಗಳು ಹೊರಬರುತ್ತವೆಂಬ ಭಯವಿರಬೇಕು...

ಹೋದ ವರ್ಷ ನನ್ನ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಯಿತು. ಈ ವರ್ಷ ಅಶ್ವಿನಿ, ಮುಚ್ಚಿಟ್ಟಿದ್ದ ಅದೇ ಎಂಜಿನ್ನನ್ನು ಮತ್ತೆ ಕಟ್ಟಿಸಲು ನಿರ್ಧರಿಸಿ, ಪಿಸ್ಟನ್‌ಗಳನ್ನು ನಮ್ಮ ಮನೆಗೆ ತಂದಿಟ್ಟಳು. “ಈ ಸಲ ನೀವೊಬ್ರು ಇದ್ರೆ ಸಾಕು ಸಾರ್. ಸೆಲ್ವಣ್ಣ ಬೇಡ.” ನಾನು ಹೂಂ ಎಂದೆ. ಹೌದು, ಆಗಲೂ ಹೂಂ ಎಂದೆ.

ಕಿಟಕಿಯ ಬೆಳಕಿನಲ್ಲಿ ಕೂತು ಅಳೆದೆ. ನಾಲ್ಕನ್ನೂ, ಮೂರು ಮೂರು ಸಲ. ಹಳೆಯ ಪುಸ್ತಕ ತೆರೆದು ಹೋಲಿಸಿದೆ. ಸವೆಯುವಷ್ಟು ಓಡಿದ ಎಂಜಿನ್ ಅದಲ್ಲ. ಸೆಲ್ವಂ ತಿದ್ದಿದ ಅಂಕಿಗಳು ಸರಿಯಾಗಿದ್ದವು. ಅಳಿಸಿದ ಜಾಗದಲ್ಲಿ ಪೆನ್ಸಿಲ್ ಒತ್ತಿದ ಗುರುತು ಹೊಸ ಕಣ್ಣಿಗೆ ಸ್ಪಷ್ಟವಾಗಿ ಕಂಡಿತು: ನಾನು ಬರೆದದ್ದು ತಪ್ಪು. ಮೈಕ್ರೋಮೀಟರಿನ ಗೆರೆಗಳು ಅಂದೇ ನನಗೆ ಮಸುಕಾಗಿದ್ದವು, ಒಪ್ಪಿಕೊಂಡಿರಲಿಲ್ಲ. ಅವನು ದಿನವೂ ನನಗಿಂತ ಮುಂಚೆ ಬಂದು, ನಾನು ಅಳೆದದ್ದನ್ನೆಲ್ಲ ಮತ್ತೆ ಅಳೆದು, ಜೇಬಿನ ಆ ಸಣ್ಣ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು, ತಪ್ಪನ್ನು ನನ್ನದೇ ಅಕ್ಷರದಲ್ಲಿ ತಿದ್ದಿ, ನನಗೆ ಗೊತ್ತಾಗದಂತೆ ನನ್ನ ಮಾನ ಕಾಯುತ್ತಿದ್ದ.

ಮರುದಿನ ಎಂಟರ ಬಸ್ಸಿಗೆ ಮಲವಗೊಪ್ಪಕ್ಕೆ ಹೋದೆ. ಸೆಲ್ವಂ ಟಿಲ್ಲರಿನ ಕೆಳಗೆ ಮಲಗಿದ್ದ. ಎದ್ದು ಬಂದು ಸ್ಟೂಲು ಒರೆಸಿಕೊಟ್ಟ. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಅವನಿಗೆ ಆಶ್ಚರ್ಯವಾಗಲಿಲ್ಲ.

“ಕೆಂಪು ಪೇಸ್ಟ್ ಈ ಶೆಡ್ಡಲ್ಲಿ ಇದ್ದದ್ದು ನಿಮ್ ಪೆಟ್ಟಿಗೇಲಿ ಮಾತ್ರ ಸಾರ್.”

“ಮತ್ತೆ ಯಾಕಪ್ಪ ಹೇಳ್ಲಿಲ್ಲ?”

“ಹೇಳಿದ್ರೆ ಕಣ್ಣಿನ ವಿಷಯಾನೂ ಹೇಳ್ಬೇಕಾಗ್ತಿತ್ತು. ಮೇಡಂ ಮುಂದೆ, ನಿಮ್ಮನ್ನ ಕೂರಿಸ್ಕೊಂಡು...” ಕೈಯ ಗ್ರೀಸನ್ನು ಬಟ್ಟೆಗೆ ತಿಕ್ಕುತ್ತ ನಿಂತ. “ನೀವೇ ಹೇಳ್ತೀರ ಅಂದ್ಕೊಂಡೆ. ಆವತ್ತು ಹೇಳ್ಲಿಲ್ಲ, ಸರಿ, ನಾಳೆ ಹೇಳ್ತಾರೆ. ಹಾಗೇ ಒಂದು ವರ್ಷ ಆಯ್ತು. ಆಮೇಲೆ ಕಾಯೋದು ಬಿಟ್ಟೆ.”

ತಪ್ಪಾಯಿತು ಎಂದೆ. ಅವನು ತಲೆ ಅಲ್ಲಾಡಿಸಿದ.

“ನನಗ್ ಹೇಳಿ ಏನ್ ಸಾರ್ ಪ್ರಯೋಜನ? ನನಗೆ ಗೊತ್ತಿರೋದೇ. ಪುಸ್ತಕದಲ್ಲಿ ಬರೀರಿ. ನಿಮ್ದೇ ರೂಲ್ಸು.”

ಮನೆಗೆ ಬಂದು ಬರೆದೆ. ನಾಲ್ಕು ವರ್ಷ ಹಿಂದಿನ ಆ ದಿನಾಂಕ. ಭಾಗ: ಟರ್ಬೋದ ಎಣ್ಣೆ ಕೊಳವೆ. ಬಿಚ್ಚಿ, ಪೇಸ್ಟ್ ಹಚ್ಚಿ ಮುಚ್ಚಿದವನು: ನಾನು. ಕಾರಣದ ಕಲಂಗೆ ಬಂದಾಗ ಕೈ ರೂಢಿಯಂತೆ ‘ಪರಿಶೀಲನೆ’ ಎಂದು ಬರೆಯಿತು. ಅದನ್ನು ಹೊಡೆದುಹಾಕಿ ‘ಅನುಮಾನ’ ಎಂದು ಬರೆದೆ. ಸಹಿ ಹಾಕಿದೆ.

ಸಂಜೆ ಅಶ್ವಿನಿಯ ಅಂಗಡಿಗೆ ಹೋಗಿ ಪುಸ್ತಕ ಕೊಟ್ಟೆ. ಅವಳು ನಿಂತುಕೊಂಡೇ ಓದಿದಳು. ಇನ್ನೊಮ್ಮೆ ಓದಿದಳು. ಪುಸ್ತಕ ಮುಚ್ಚಿ, ವಾಪಸು ಕೊಡದೆ, ತನ್ನ ಮೇಜಿನೊಳಗೆ ಇಟ್ಟುಕೊಂಡಳು.

“ನಾಳೆ ನಾನೇ ಮಲವಗೊಪ್ಪಕ್ಕೆ ಹೋಗ್ತೀನಿ ಸಾರ್. ನೀವು ಬರ್ಬೇಡಿ.”

ಇಂದು ಐದೂವರೆಗೆ ಎದ್ದೆ. ಆರಕ್ಕೆ ಸ್ನಾನ, ಏಳಕ್ಕೆ ತಿಂಡಿ. ಎಂಟರ ಬಸ್ಸು ಬೀದಿಯ ತಿರುವಿನಲ್ಲಿ ನಿಂತು ಹೊರಟದ್ದು ಕೇಳಿಸಿತು. ಈ ಹೊತ್ತಿಗೆ ಅಶ್ವಿನಿ ಆ ಪುಟವನ್ನು ಸೆಲ್ವಂನ ಮುಂದೆ ತೆರೆದಿರಬಹುದು. ಅದರಲ್ಲಿ ಎರಡನೆಯ ಸಹಿಯ ಜಾಗ ಖಾಲಿ ಇದೆ. ಅವನು ಹಾಕುತ್ತಾನೋ ಇಲ್ಲವೋ, ನನಗೆ ಗೊತ್ತಿಲ್ಲ. ಹಾಕು ಎಂದು ಕೇಳುವ ಹಕ್ಕು ನನಗಿಲ್ಲ.