ಈರುಳ್ಳಿಯ ಮಧ್ಯಾಹ್ನ

ಆ ಹಡಗಿನಲ್ಲಿ ಮಧ್ಯಾಹ್ನ ತಾನಾಗಿ ಬರುತ್ತಿರಲಿಲ್ಲ, ಕಪ್ತಾನ ಕರೆಯಬೇಕಿತ್ತು. ಸೂರ್ಯ ಏರುವಷ್ಟು ಏರಿ ಇನ್ನೇನು ಇಳಿಯಬೇಕು ಎನ್ನುವ ಗಳಿಗೆಯನ್ನು ಅವನು ತನ್ನ ಹಿತ್ತಾಳೆಯ ಕೋನಮಾಪಕದಲ್ಲಿ ಹಿಡಿದು, "ಮಧ್ಯಾಹ್ನ" ಎಂದು ಒಂದೇ ಮಾತು ಹೇಳಿದ ಮೇಲೆ ಗಂಟೆ ಬಾರಿಸುತ್ತಿದ್ದರು, ಮರಳುಗಡಿಯಾರ ಮಗುಚುತ್ತಿದ್ದರು, ಅಡುಗೆಯವನ ಸೌಟು ಪಾತ್ರೆಗೆ ಇಳಿಯುತ್ತಿತ್ತು. ಅಲ್ಲಿಯವರೆಗೆ ಇಪ್ಪತ್ತೆಂಟು ಜನರ ಹೊಟ್ಟೆ ತಾಳ ಹಾಕಿದರೂ ಅದು ಬೆಳಗ್ಗೆಯೇ.

ಕಪ್ತಾನನಿಗೆ ಐವತ್ತೆಂಟು. ಮೂರು ಹಾಯಿಕಂಬದ ಆ ಹಡಗನ್ನು ಹತ್ತೊಂಬತ್ತು ವರ್ಷದಿಂದ ನಡೆಸುತ್ತಿದ್ದ. ಕುಳ್ಳ, ದಪ್ಪ ಕತ್ತಿನವನು. ಬಿರುಗಾಳಿಯಲ್ಲೂ ದನಿ ಏರಿಸುತ್ತಿರಲಿಲ್ಲ. "ಕೂಗೋದು ಕಾಗೆ ಕೆಲಸ" ಎನ್ನುತ್ತಿದ್ದ. ಹಗ್ಗ ಹಳತಾಗಿದೆಯೇ ಎಂದು ತಿಳಿಯಲು ಹೆಬ್ಬೆರಳಲ್ಲಿ ಉಜ್ಜಿ ಮೂಸಿ ನೋಡುತ್ತಿದ್ದ. ತಪ್ಪು ಗಂಟು ಹಾಕಿದವನಿಗೆ ಏಟಿಲ್ಲ, ಬೈಗುಳವಿಲ್ಲ. ಆ ಗಂಟಿನ ಎದುರು ಅರ್ಧ ಗಂಟೆ ಕೂತು ಅದನ್ನೇ ನೋಡಬೇಕು. ಹಾಗೆ ಕೂತವರೆಲ್ಲ ಏಟೇ ವಾಸಿ ಎನ್ನುತ್ತಿದ್ದರು.

ಹಡಗಿನಲ್ಲಿ ಅವನದು ಎರಡು ಕಟ್ಟಳೆ. ಮೊದಲನೆಯದು, ಡೆಕ್ಕಿನ ಮೇಲೆ ನೆಂಟಸ್ತಿಕೆ ಇಲ್ಲ. ಉಪಕಪ್ತಾನನಾಗಿದ್ದವನು ಅವನ ಹೆಂಡತಿಯ ಒಡಹುಟ್ಟಿದ ತಮ್ಮ. ಕೆಳಗಿನ ಕೋಣೆಯಲ್ಲಿ ಊಟಕ್ಕೆ ಕೂತಾಗ, "ಭಾವ, ಉಪ್ಪು ಇತ್ತ ತಳ್ಳಿ, ನೀವೊಬ್ರೇ ಸಮುದ್ರ ಕುಡೀತೀರಾ?" ಎಂದು ಗೇಲಿ ಮಾಡುವವನು, ಐದು ಮೆಟ್ಟಿಲು ಹತ್ತಿದೊಡನೆ "ಕಪ್ತಾನರೇ" ಎಂದು ನೆಟ್ಟಗೆ ನಿಲ್ಲುತ್ತಿದ್ದ. ಹೆಂಡತಿಗೂ ವಿನಾಯಿತಿ ಇರಲಿಲ್ಲ. ಹನ್ನೊಂದು ವರ್ಷದಿಂದ ಅವನ ಜೊತೆಗೇ ಪಯಣಿಸುತ್ತ, ಡೆಕ್ಕಿನ ಒಂದು ಮೂಲೆಯಲ್ಲಿ ಆರು ಕೋಳಿ ಸಾಕಿಕೊಂಡಿದ್ದ ಆಕೆಯೂ ನಾಲ್ಕು ಜನರ ಮುಂದೆ "ಕಪ್ತಾನರು" ಎಂದೇ ಕರೆಯುತ್ತಿದ್ದಳು. ಅದನ್ನು ಅವಳು ಹೇಳುವ ರೀತಿಗೆ ಹಲಗೆಯ ಬಣ್ಣ ಕಿತ್ತು ಬರಬೇಕು, ಆ ಮಾತು ಬೇರೆ.

ಎರಡನೆಯದು, ಒಂದು ಹಡಗಿಗೆ ಒಂದೇ ಮಧ್ಯಾಹ್ನ. ಅವನು ಚಿಕ್ಕವನಿದ್ದಾಗ ದುಡಿದ ಹಡಗೊಂದರಲ್ಲಿ ಕಪ್ತಾನ, ಉಪಕಪ್ತಾನ ಇಬ್ಬರೂ ಸೂರ್ಯನನ್ನು ಅಳೆದು, ಲೆಕ್ಕ ತಾಳೆಯಾಗದೆ ಜಗಳವಾಗಿ, ಒಂದು ವಾರ ದಿನಕ್ಕೆರಡು ಸಲ ಗಂಟೆ, ಎರಡು ಪಂಕ್ತಿ ಊಟ ನಡೆದಿತ್ತಂತೆ. ಆದ್ದರಿಂದ ಇಲ್ಲಿ ಕೋನಮಾಪಕ ಮುಟ್ಟುವವನು ಕಪ್ತಾನನೊಬ್ಬನೇ. ಭಾಮೈದನ ಪಾಲಿಗೆ ವೇಗ ಅಳೆಯುವ ಹಗ್ಗ ಮತ್ತು ನಕ್ಷೆ.

ಆ ಸಲದ ಪಯಣದ ಎರಡನೆಯ ತಿಂಗಳಲ್ಲಿ ಕಪ್ತಾನನ ಕಣ್ಣಿಗೆ ಪೊರೆ ಬಂತು. ಬಲಗಣ್ಣಿಗೆ ಮೊದಲು, ಎಡಗಣ್ಣಿಗೆ ಆಮೇಲೆ. ಹಾಯಿ ಕಾಣುತ್ತಿತ್ತು, ಆಳುಗಳು ಕಾಣುತ್ತಿದ್ದರು, ಸಮುದ್ರದ ಅಂಚೂ ಮಸುಕಾಗಿ ಕಾಣುತ್ತಿತ್ತು. ಹಿತ್ತಾಳೆಯ ಮೇಲೆ ಸೊಳ್ಳೆಯ ಕಾಲಿನಷ್ಟು ಸಣ್ಣಗೆ ಕೊರೆದ ಗೆರೆಗಳು ಮಾತ್ರ ಹಾಲಿನಲ್ಲಿ ಮುಳುಗಿಹೋದವು. ಅವನು ಯಾರಿಗೂ ಹೇಳಲಿಲ್ಲ. ಹಿಂದೊಮ್ಮೆ ಬೇರೊಬ್ಬ ಮುದಿ ಕಪ್ತಾನನ ಬಗ್ಗೆ, "ಸೂರ್ಯನ್ನ ಓದಕ್ಕಾಗದವನು ಕಪ್ತಾನ ಅಲ್ಲ, ಸಾಮಾನು" ಎಂದು ಹತ್ತು ಜನರೆದುರು ಹೇಳಿದವನು ಅವನೇ. ಈಗ ಹೇಳಿದರೆ ಹಡಗು ಕೈ ಬಿಡುತ್ತದೆ. ಹಡಗು ಬಿಟ್ಟರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಹೇಗೋ ದಿನ ತಳ್ಳಿದ. ಹಡಗು ನೇರ ಪೂರ್ವಕ್ಕೆ ಓಡುತ್ತಿದ್ದುದರಿಂದ ಸೂರ್ಯನ ಎತ್ತರ ದಿನದಿಂದ ದಿನಕ್ಕೆ ಹೆಚ್ಚು ಬದಲಾಗುತ್ತಿರಲಿಲ್ಲ. ನಿನ್ನೆಯ ಅಂಕಿಗೆ ಚಿಟಿಕೆಯಷ್ಟು ಸೇರಿಸಿಯೋ ಕಳೆದೋ ಹೇಳಿದರೆ ಭಾಮೈದ ಬರೆದುಕೊಳ್ಳುತ್ತಿದ್ದ. ಆದರೆ ಮಧ್ಯಾಹ್ನದ ಗಳಿಗೆ? ಅದಕ್ಕೆ ಮೂಗಿತ್ತು. ಗಾಳಿ ಮುಂದಿನಿಂದ ಓರೆಯಾಗಿ ಬೀಸುತ್ತ ಅಡುಗೆಗೂಡಿನ ವಾಸನೆಯನ್ನೆಲ್ಲ ಅವನು ನಿಲ್ಲುವ ಹಿಂಭಾಗಕ್ಕೆ ತಂದೊಪ್ಪಿಸುತ್ತಿತ್ತು. ಊಟಕ್ಕೆ ಸ್ವಲ್ಪ ಮುಂಚೆ ಅಡುಗೆಯವನು ಕೊನೆಯದಾಗಿ ಈರುಳ್ಳಿ ಹುರಿಯುತ್ತಾನೆ. ಆ ವಾಸನೆ ಬಂತೆಂದರೆ ಮಧ್ಯಾಹ್ನ ಎಂದು ಕಪ್ತಾನ ತೀರ್ಮಾನಿಸಿದ. ಕೋನಮಾಪಕ ಕಣ್ಣಿಗೆ, ಮೂಗು ಗಾಳಿಗೆ.

ಅಡುಗೆಯವನನ್ನು ಹಡಗಿನಲ್ಲಿ ಬಿಸಿಬಿಸಿ ಎಂದು ಕರೆಯುತ್ತಿದ್ದರು. ಆರಿದ ಊಟ ಬಡಿಸುವುದಕ್ಕಿಂತ ಸಮುದ್ರಕ್ಕೆ ಹಾರುವುದು ಮೇಲು ಎಂದು ನಂಬಿದವನು. ಗಂಟೆ ಬಾರಿಸುವಾಗ ಅವನ ಈರುಳ್ಳಿ ಕೆಂಪಗಾಗಿರಬೇಕು. ಈಚೆಗೆ ನೋಡಿದರೆ, ಬಾಣಲೆಗೆ ಹಾಕುವುದೇ ತಡ, ಗಂಟೆ! 'ನಾನೇ ತಡಮಾಡ್ತಿದ್ದೀನಿ' ಎಂದುಕೊಂಡು ಮರುದಿನ ಹತ್ತು ನಿಮಿಷ ಮುಂಚೆ ಹುರಿದ. ಕಪ್ತಾನ ಹತ್ತು ನಿಮಿಷ ಮುಂಚೆ ಮಧ್ಯಾಹ್ನ ಎಂದ. ಈರುಳ್ಳಿ ಮತ್ತೆ ಹಸಿ. ಅದರ ಮರುದಿನ ಬಿಸಿಬಿಸಿ ಇನ್ನೂ ಹತ್ತು ನಿಮಿಷ ಮುಂಚೆ ಒಲೆ ಊದಿದ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಅಟ್ಟಿಸಿಕೊಂಡು ಹೋದರು. ಹನ್ನೆರಡು ದಿನ ಕಳೆಯುವಷ್ಟರಲ್ಲಿ ಹಡಗಿನ ಮಧ್ಯಾಹ್ನ ಬೆಳಗಿನ ಹತ್ತು ಗಂಟೆಗೆ ಬಂದು ಕೂತಿತ್ತು.

ಪೂರ್ವಕ್ಕೆ ಹೋಗುವಾಗ ಮಧ್ಯಾಹ್ನ ದಿನವೂ ಒಂದಿಷ್ಟು ಬೇಗ ಬರುವುದು ಸಹಜ. ಆಳುಗಳು ಅದೇ ಇರಬೇಕೆಂದುಕೊಂಡರು. "ಈ ಕಡೆ ಸೂರ್ಯ ಸೋಮಾರಿ ಕಣಯ್ಯ, ನಾವು ಡೆಕ್ ತೊಳೆದು ಮುಗಿಸಿದ್ರೂ ಏಳಲ್ಲ" ಎಂದು ಆಳುಗಳ ಮೇಸ್ತ್ರಿ ಆಕಳಿಸಿದ. ಭಾಮೈದನಿಗೆ ಅನುಮಾನ ಬಂದಿತ್ತು. ಆದರೆ ಮಧ್ಯಾಹ್ನ ಅವನ ಇಲಾಖೆಯಲ್ಲ, ತುಟಿ ಹೊಲಿದುಕೊಂಡಿದ್ದ.

ಹೆಂಡತಿಯ ತುಟಿಗೆ ಯಾರೂ ಹೊಲಿಗೆ ಹಾಕಿರಲಿಲ್ಲ. ಅವಳಿಗೆ ನಕ್ಷೆ ಬಾರದು, ಕೋಳಿಗೂಡು ಗೊತ್ತು. ಮಧ್ಯಾಹ್ನದ ಗಂಟೆಗೆ ಕಂಬದ ನೆರಳು ಮೋಟಾಗಿ ಗೂಡನ್ನು ಮುಟ್ಟದೆ ನಿಲ್ಲಬೇಕು. ಈಗ ಗೂಡಿನ ಮೇಲೆಲ್ಲ ಕಾಲು ಚಾಚಿ ಮಲಗಿತ್ತು. ಅಂದು ಕೋಣೆಯಲ್ಲಿ ಗಂಡನೊಬ್ಬನೇ ಇದ್ದಾಗ ಬಾಗಿಲು ಹಾಕಿದಳು.

"ನನ್ನ ಕೋಳಿಗಳಿಗೆ ಇನ್ನೂ ಮಧ್ಯಾಹ್ನ ಆಗಿಲ್ಲ. ನಿಮಗೆ ಹೇಗೆ ಆಯ್ತು?"

"ಕೋಳಿ ಹಡಗು ನಡೆಸಲ್ಲ ಕಣೇ."

"ಕೋಳಿಗೆ ಕಣ್ಣಾದ್ರೂ ಕಾಣುತ್ತೆ."

ಅವಳು ಅವನ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು, ಸಂತೆಯಲ್ಲಿ ತೆಂಗಿನಕಾಯಿ ನೋಡುವ ಹಾಗೆ.

"ಎಷ್ಟು ದಿನ ಆಯ್ತು?"

"ಎರಡು ವಾರ."

"ಮತ್ತೆ ಮಧ್ಯಾಹ್ನ ಯಾವುದರಲ್ಲಿ ನೋಡ್ತೀರಿ?"

ಅವನು ಹೇಳಿದ. ಅವಳು ನಗಲಿಲ್ಲ, ನಗುವುದನ್ನು ಆಮೇಲಕ್ಕೆ ಎತ್ತಿಟ್ಟಳು. "ಮುಂದೆ ಹಲ್ಲುಸಾಲು ಇದೆ" ಎಂದಳು. ಹಲ್ಲುಸಾಲು ಎಂದರೆ ನೀರಿನಡಿಯ ಬಂಡೆಗಳ ಸಾಲು. ನಡುವೆ ಒಂದೇ ಒಂದು ಸಂದು. ಅಲ್ಲಿಗೆ ಒಂಬತ್ತು ದಿನದ ದಾರಿ. "ಮೂರು ದಿನ ಕೊಡ್ತೀನಿ. ನೀವೇ ಎಲ್ಲರಿಗೂ ಹೇಳಿ."

"ಹೇಳಿದ್ರೆ ನಾನು ಸಾಮಾನು."

"ಹೇಳ್ದಿದ್ರೆ ಎಲ್ಲರೂ ಸಾಮಾನೇ. ತೇಲೋ ಸಾಮಾನು."

ಒಂದು ದಿನ ಹೋಯಿತು, ಎರಡು ದಿನ ಹೋಯಿತು. ಕಪ್ತಾನ ಬಾಯಿ ತೆರೆಯಲಿಲ್ಲ.

ಮೂರನೆಯ ದಿನ ಅವನು ಎಂದಿನಂತೆ ಹಿಂಭಾಗದಲ್ಲಿ ನಿಂತು ಕೋನಮಾಪಕ ಎತ್ತಿದ. ಆಳುಗಳು ತಟ್ಟೆ ಹಿಡಿದು ಸಾಲುಗಟ್ಟಿದರು. ವಾಸನೆ ಬರಲಿಲ್ಲ. ಕಪ್ತಾನ ಮೂಗರಳಿಸಿದ. ಹಗ್ಗದ ವಾಸನೆ ಬಂತು, ಡಾಂಬರಿನದು ಬಂತು, ಕೋಳಿಯದು ಬಂತು. ಮರಳುಗಡಿಯಾರ ಒಮ್ಮೆ ಮಗುಚಿತು, ಮತ್ತೊಮ್ಮೆ ಮಗುಚಿತು. ಬಿಸಿಬಿಸಿ ಪಾತ್ರೆಯ ಮೇಲೆ ಕಂಬಳಿ ಹೊದಿಸಿ, ಕಾಯಿಲೆ ಮಗುವನ್ನು ಕಾಯುವಂತೆ ಕಾದ. ಗಂಟೆಯಿಲ್ಲದೆ ಅವನು ಬಡಿಸುವಂತಿಲ್ಲ. ಈರುಳ್ಳಿಯಿಲ್ಲದೆ ಕಪ್ತಾನ ಮಧ್ಯಾಹ್ನ ಎನ್ನುವಂತಿಲ್ಲ. ನಾಲ್ಕನೆಯ ಸಲ ಮರಳು ಇಳಿಯತೊಡಗಿದಾಗ ಕಪ್ತಾನ ಕೋನಮಾಪಕ ಇಳಿಸಿದ.

"ಅಡುಗೆ ಆಗಿಲ್ವೇನಯ್ಯಾ?" ಎಂದ, ಕೊನೆಗೆ.

"ಆಗಿ ಎರಡು ಗಂಟೆ ಆಯ್ತು ಕಪ್ತಾನರೇ!" ಬಿಸಿಬಿಸಿಯ ದನಿಯಲ್ಲಿ ಅಳು ಇತ್ತು.

"ಈರುಳ್ಳಿ?"

"ಬೆಳಗ್ಗೆ ಅಮ್ಮಾವ್ರು ಮೂಟೆ ಸಮೇತ ತಗೊಂಡು ಹೋದ್ರು. ಕೋಳಿಗೆ ಜ್ವರ ಅಂತೆ."

ಕಪ್ತಾನ ಕೋಳಿಗೂಡಿನ ಕಡೆ ತಿರುಗಿದ. ಹೆಂಡತಿ ಈರುಳ್ಳಿ ಮೂಟೆಯ ಮೇಲೆಯೇ ಕೂತು ಸಾಕ್ಸಿನ ತೂತು ಹೊಲಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಕಂಬದ ನೆರಳು ಮೋಟಾಗ್ತಾ ಇದೆ ಕಪ್ತಾನರೇ. ಎಷ್ಟೋ ದಿನದ ಮೇಲೆ ನಿಜವಾದ ಮಧ್ಯಾಹ್ನ ಬರ್ತಿದೆ. ಇದನ್ನೂ ಕಳ್ಕೋಬೇಡಿ."

ಕಪ್ತಾನ ಕೋನಮಾಪಕವನ್ನು ಭಾಮೈದನ ಕಡೆ ಚಾಚಿದ. ದನಿ ಏರಿಸಲಿಲ್ಲ, ಆದರೆ ಎಲ್ಲರಿಗೂ ಕೇಳಿಸಿತು.

"ಉಪಕಪ್ತಾನರೇ, ನನ್ನ ಕಣ್ಣಿಗೆ ಗೆರೆ ಕಾಣ್ತಿಲ್ಲ. ಎರಡು ವಾರದಿಂದ ಸುಳ್ಳು ಅಂಕಿ ಕೊಟ್ಟಿದ್ದೀನಿ. ಇಷ್ಟು ದಿನ ಮಧ್ಯಾಹ್ನ ಅಂದಿದ್ದು ಈರುಳ್ಳಿ ವಾಸನೆ ನೋಡ್ಕೊಂಡು. ತಗೊಳ್ಳಿ, ನೋಡಿ."

ಭಾಮೈದ ಕಸಿದುಕೊಂಡಂತೆ ತೆಗೆದುಕೊಂಡು ಕಣ್ಣಿಗಿಟ್ಟ. ಸೂರ್ಯ ಏರಿದ, ಇನ್ನೂ ಏರಿದ, ನಿಂತ.

"ಭಾವ! ಬಂತು!" ಎಂದು ಕಿರುಚಿದ.

ಕಪ್ತಾನ ನಿಧಾನವಾಗಿ ಕೇಳಿದ: "ಇಲ್ಲಿ ಯಾರು ಯಾರಿಗೆ ಭಾವ?"

"ತಪ್ಪಾಯ್ತು. ಸೂರ್ಯ ನಿಂತಿದ್ದಾನೆ, ಕಪ್ತಾನರೇ."

"ಹಾಗಾದ್ರೆ, ಮಧ್ಯಾಹ್ನ."

ಗಂಟೆ ಬಾರಿಸಿದರು. ಯಾರೂ ಪಾತ್ರೆಯ ಕಡೆ ನಡೆಯಲಿಲ್ಲ. ಭಾಮೈದ ಲೆಕ್ಕ ಮಾಡಿ, ನಕ್ಷೆಯಲ್ಲಿ ಗುರುತು ಹಾಕಿ ಹೇಳಿದ: ಹಡಗು ಇರಬೇಕಾದ ದಾರಿಗಿಂತ ನಲವತ್ತು ಮೈಲಿ ದಕ್ಷಿಣಕ್ಕೆ ಜಾರಿದೆ; ಹೀಗೇ ಹೋದರೆ ಸಂದಿಗಲ್ಲ, ಬಂಡೆಯ ಬಾಯಿಗೇ. ಕಪ್ತಾನ ಆಳುಗಳ ಕಡೆ ತಿರುಗಿದ. "ಕೇಳಿಸ್ಕೊಂಡ್ರಲ್ಲ. ಇನ್ಮೇಲೆ ಹಡಗು ಉಪಕಪ್ತಾನರು ನಡೆಸಲಿ ಅಂತ ಯಾರಿಗಾದ್ರೂ ಅನ್ನಿಸಿದ್ರೆ ಈಗಲೇ ಹೇಳಿ. ನಾನು ಅಡ್ಡ ಬರಲ್ಲ."

ಮೇಸ್ತ್ರಿ ಕೆಮ್ಮಿದ. "ಕಪ್ತಾನರೇ, ತಪ್ಪು ಗಂಟು ಹಾಕಿದವನಿಗೆ ಈ ಹಡಗಲ್ಲಿ ಒಂದು ಶಿಕ್ಷೆ ಇದೆ. ಅರ್ಧ ಗಂಟೆ ಆ ಮೂಟೆ ಎದುರು ಕೂತು ಅದನ್ನೇ ನೋಡಿ. ನಾವು ಉಂಡ್ಕೊಂಡು ಬರ್ತೀವಿ."

ಮೊದಲು ನಕ್ಕವಳು ಹೆಂಡತಿ. ಎತ್ತಿಟ್ಟ ನಗು ಒಟ್ಟಿಗೇ ಹೊರಬಂತು. ಕಪ್ತಾನ ದಿಕ್ಕು ಬದಲಿಸಲು ಆಜ್ಞೆ ಕೊಟ್ಟು, ಹಾಯಿ ತಿರುಗಿಸಿದ ಮೇಲೆ, ಕೋಳಿಗೂಡಿನ ಹತ್ತಿರ ಹೋಗಿ ಮೂಟೆಯ ಎದುರು ಕೂತ. ಒಂದು ನಿಮಿಷವೂ ಕಡಿಮೆಯಿಲ್ಲದೆ ಕೂತ.

ಆರನೆಯ ದಿನ ಹಲ್ಲುಸಾಲು ದಾಟಿದರು. ಭಾಮೈದ ಅಂಕಿ ಓದುತ್ತಿದ್ದ, ಕಪ್ತಾನ ಹಡಗಿನ ಮೂತಿಯಲ್ಲಿ ನಿಂತು, ಬಂಡೆಗೆ ನೀರು ಬಡಿಯುವ ಸದ್ದಿಗೆ ಕಿವಿಗೊಟ್ಟು, "ಸ್ವಲ್ಪ ಎಡಕ್ಕೆ... ಸಾಕು" ಎನ್ನುತ್ತಿದ್ದ. ಆ ಸದ್ದನ್ನು ಅವನಷ್ಟು ಬಲ್ಲವರು ಅಲ್ಲಿ ಇರಲಿಲ್ಲ. ದಡ ಸೇರಿದ ಮೇಲೆ ಹಡಗಿನ ಯಜಮಾನನಿಗೆ ಅವನೇ ಎಲ್ಲವನ್ನೂ ಹೇಳಿದ. ಯಜಮಾನ ಉಪಕಪ್ತಾನನನ್ನು ಕರೆಸಿ ಕೇಳಿದಾಗ, "ಕಣ್ಣು ನನಗಿದೆ, ಉಳಿದಿದ್ದೆಲ್ಲ ಅವರ ಹತ್ರಾನೇ ಇರೋದು" ಎಂದನಂತೆ ಅವನು. ಕಪ್ತಾನ ಇನ್ನೂ ಆರು ವರ್ಷ ಹಡಗು ನಡೆಸಿದ.

ಮುಂದಿನ ಪಯಣಕ್ಕೆ ಸಾಮಾನು ತುಂಬುತ್ತಿದ್ದಾಗ ಬಿಸಿಬಿಸಿ ಹಿಂಜರಿಯುತ್ತ ಬಂದು ಕೇಳಿದ: "ಈರುಳ್ಳಿ ಎಷ್ಟು ಮೂಟೆ ಬರೆಸ್ಲಿ ಕಪ್ತಾನರೇ?"

"ಊಟಕ್ಕೆ ಎಷ್ಟು ಬೇಕೋ ಅಷ್ಟು ಬರೆಸು" ಎಂದ ಕಪ್ತಾನ. "ಮಧ್ಯಾಹ್ನಕ್ಕೆ ಬೇಡ."