ಕಾಣದ ಹೊಲಿಗೆ

ಕೋವಿಡ್ ಗಲಾಟೆ ತಣ್ಣಗಾದ ಮರುವರ್ಷ. ಗಂಗಾನಗರದ ಒಂದು ಸಣ್ಣ ನರ್ಸಿಂಗ್ ಹೋಮ್‌ನಲ್ಲಿ ನಾನು ಸ್ತ್ರೀರೋಗ ತಜ್ಞೆಯಾಗಿದ್ದೆ. ಗರ್ಭಕೋಶ ತೆಗೆಯುವುದರಲ್ಲಿ ಕೈ ಪಳಗಿತ್ತು, ಜೊತೆಗೆ ಜಂಬವೂ ಬಂದಿತ್ತು.

ಜಕ್ಕೂರಿನ ರತ್ನಮ್ಮನಿಗೆ ನಲವತ್ತಾರು ವರ್ಷ. ಮನೆಯಲ್ಲಿ ಮೂರು ಹಸು. ಕೆರೆಯಂಚಿನಿಂದ ಹುಲ್ಲಿನ ಹೊರೆ ತರುವುದು ಅವಳದೇ ಕೆಲಸ. ಗರ್ಭಕೋಶದಲ್ಲಿ ಫೈಬ್ರಾಯ್ಡ್, ಅಂದರೆ ಕ್ಯಾನ್ಸರ್ ಅಲ್ಲದ ಗಡ್ಡೆ. ಮಾತ್ರೆಗೆ ಬಗ್ಗದ ರಕ್ತಸ್ರಾವದಿಂದ ಬಿಳಿಚಿಕೊಂಡಿದ್ದಳು. ಮೂರು ದಾರಿ ವಿವರಿಸಿದೆ: ಹೊಟ್ಟೆ ಕೊಯ್ದು ತೆಗೆಯುವುದು, ಸಣ್ಣ ತೂತುಗಳ ಮೂಲಕ ಲ್ಯಾಪರೊಸ್ಕೋಪಿ, ಇಲ್ಲವೇ ಹೊಟ್ಟೆಯನ್ನು ಮುಟ್ಟದೆ ಕೆಳಗಿನಿಂದ, ಯೋನಿಮಾರ್ಗವಾಗಿ ತೆಗೆಯುವುದು. ಗಡ್ಡೆ ಚಿಕ್ಕದು, ಇಬ್ಬರು ಮಕ್ಕಳದೂ ಸಹಜ ಹೆರಿಗೆ. ಕೆಳಗಿನ ದಾರಿಯೇ ಸರಿ. ನೋವು ಕಡಿಮೆ, ಚೇತರಿಕೆ ಬೇಗ.

"ಒಟ್ಟೆ ಕುಯ್ದೇ ಮಾಡ್ಬುಡಿ ಮೇಡಂ," ಎಂದಳು ರತ್ನಮ್ಮ.

"ಒಂದು ಗೆರೇನೂ ಬೀಳದ ಹಾಗೆ ಮಾಡ್ತೀನಿ ಅಂದ್ರೆ, ಕುಯ್ಸ್ಕೊಳ್ಳೋ ಆಸೆ ಏನ್ರೀ ನಿಮಗೆ?" ಎಂದು ನಕ್ಕೆ. ಅವಳು ತಲೆ ತಗ್ಗಿಸಿದಳು. ಯಾಕೆಂದು ನಾನು ಕೇಳಲಿಲ್ಲ.

ಶಸ್ತ್ರಚಿಕಿತ್ಸೆ ಹೂವೆತ್ತಿದಂತೆ ಮುಗಿಯಿತು. ಮನೆಗೆ ಕಳಿಸುವಾಗ, ಆರು ವಾರ ಭಾರ ಎತ್ತಬಾರದೆಂದು ಚೀಟಿಯಲ್ಲಿ ಬರೆದುಕೊಟ್ಟೆ.

ಹನ್ನೆರಡನೆಯ ದಿನ ಮಧ್ಯಾಹ್ನ ಅವಳ ಅಕ್ಕ ಜಯಮ್ಮ ಅವಳನ್ನು ಆಟೊದಲ್ಲಿ ಹಾಕಿಕೊಂಡು ಬಂದಳು. ಸೀರೆ, ಸೀಟು, ಜಯಮ್ಮನ ಕೈ ಎಲ್ಲ ರಕ್ತ. ರತ್ನಮ್ಮನ ಹೊಕ್ಕುಳ ಕೆಳಗೆ ಒದ್ದ ಗುರುತು ನೀಲಿಗಟ್ಟಿತ್ತು.

"ನಮ್ಮೂರಾಗೆ ಆಪರೇಸನ್ ಆದೋರ ಒಲಿಗೆ ನೋಡಾಕೆ ಎಂಗಸ್ರು ಬತ್ತಾರೆ ಮೇಡಂ," ಎಂದಳು ಜಯಮ್ಮ. "ಒಲಿಗೆ ಕಂಡ್ರೇನೇ ಮೂರು ತಿಂಗ್ಳು ಕೂರ್ಸಿ ಊಟ. ಇವಳ ಒಟ್ಟೆ ಮ್ಯಾಲೆ ಏನೂ ಇಲ್ವಲ್ಲ! ನಾಟ್ಕ ಆಡ್ತಾಳೆ ಅಂತ ಇವಳ ಅತ್ತೆ ಬೀದಿಗೆಲ್ಲ ಸಾರಿದ್ಲು. ಉಲ್ಲು ತರಾಕಾಗಕಿಲ್ಲ ಅಂದಿದ್ಕೆ ಗಂಡ ಜುಟ್ಟು ಇಡ್ದು ಕೆಡವಿ ಒದ್ದ."

ಒಳಗಿನ ಹೊಲಿಗೆ ಬಿಚ್ಚಿ ರಕ್ತನಾಳವೊಂದು ಚಿಮ್ಮುತ್ತಿತ್ತು. ಕೆಳಗಿನಿಂದ ಹಿಡಿಯಲು ಆಗಲಿಲ್ಲ. ಹೊಟ್ಟೆ ಕೊಯ್ದೆ. ರಕ್ತ ಉಕ್ಕಿ ಮೇಜಿನಿಂದ ನನ್ನ ಚಪ್ಪಲಿಗೆ ಇಳಿಯಿತು. ಬಿಪಿ ಬೀಳ್ತಿದೆ ಎಂದು ಅರಿವಳಿಕೆ ವೈದ್ಯರು ಕೂಗುತ್ತಿದ್ದರು. ಕೊನೆಗೂ ನಾಳ ಬೆರಳಿಗೆ ಸಿಕ್ಕಿತು, ಬಿಗಿದು ಕಟ್ಟಿದೆ.

ಹೊರಗೆ ಗಂಡ ನಿಂತಿದ್ದ. "ನೀವು ಏನೂ ಕುಯ್ದೇ ಇರ್ಲಿಲ್ವಲ್ಲ ಮೇಡಂ?" ಅಂದ. ಅವನ ಕಾಲರ್ ಹಿಡಿದು ಗೋಡೆಗೆ ಅಪ್ಪಳಿಸಿದೆ. ನರ್ಸ್ ಓಡಿ ಬಂದು ಬಿಡಿಸಬೇಕಾಯಿತು. ತಪ್ಪೆಂದು ಗೊತ್ತು. ಆ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ ಇತ್ತು. ಆಮೇಲೆ ಪೊಲೀಸರಿಗೆ ತಿಳಿಸಿ, ಒದ್ದ ಗುರುತನ್ನು ದಾಖಲೆಯಲ್ಲಿ ಬರೆದೆ.

ಅಂಥ ಗಡ್ಡೆಗೆ ಇಂದಿಗೂ ಕೆಳಗಿನ ದಾರಿಯನ್ನೇ ಹೇಳುತ್ತೇನೆ. ಆದರೆ ಮೊದಲು ಮನೆಯ ವಿಚಾರ ಕೇಳುತ್ತೇನೆ; ಮನೆಯವರನ್ನು ಎದುರಿಗೆ ಕೂರಿಸಿ ಒಳಗಿನ ಗಾಯದ ಚಿತ್ರ ಬರೆದು ತೋರಿಸುತ್ತೇನೆ. ಇದನ್ನು ಕಲಿಸಿದ್ದು ರತ್ನಮ್ಮ. ಡ್ರೆಸ್ಸಿಂಗ್ ಬಿಚ್ಚಿದ ದಿನ ಅವಳು ಕತ್ತೆತ್ತಿ ಆ ಉದ್ದದ ಹೊಲಿಗೆಯನ್ನು ನೋಡಿದಳು. ಮುಖ ಅರಳಿತು.

"ಇನ್ನು ಯಾರೂ ಸುಳ್ಳು ಅನ್ನಾಕಿಲ್ಲ ಬುಡಿ ಮೇಡಂ," ಎಂದಳು.