ಮೋಡದ ಕೆಳಗೆ ಯಾರಿದ್ದರು

ಇವತ್ತು ಬೆಳಿಗ್ಗೆ ತೋಟದ ಅಂಚಿನಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದೆ. ಎರಡು ಮಾರು ದೂರದಲ್ಲಿ ತೆಂಗಿನ ಗೊನೆಯೊಂದು ದೊಪ್ಪೆಂದು ಬಿತ್ತು. ಕಾಯಿ ಕೀಳಲು ಮರ ಹತ್ತಿದ್ದ ಸಿದ್ದೇಶ ಕೂಗು ಹಾಕಿರಲಿಲ್ಲ. ಪತ್ರಿಕೆಯನ್ನು ತಲೆಗೆ ಅಡ್ಡ ಹಿಡಿದಿರುವುದನ್ನು ಕಂಡ ಮೇಲೆ ನನಗೆ ಹೆದರಿಕೆಯಾಗಿದೆ ಎಂದು ತಿಳಿಯಿತು. ಆಮೇಲೆ ಸಿಟ್ಟು ಬಂತು. ಅದು ಸಿದ್ದೇಶನ ಮೇಲಿನದಷ್ಟೇ ಅಲ್ಲ.

ಈ ತೋಟದಲ್ಲಿ ನಮ್ಮ ತಾತ ಮಾಡಿದ ಒಂದು ಪದ್ಧತಿಯಿತ್ತು. ಮರದ ಮೇಲಿನವನು ‘ಕಾಯಿ ಬತ್ತೈತೆ!’ ಎಂದು ಕೂಗಬೇಕು. ಕೆಳಗಿದ್ದವರು ಸುತ್ತ ನೋಡಿ ‘ಬುಡು!’ ಎನ್ನಬೇಕು. ಅಲ್ಲಿಯವರೆಗೆ ಗೊನೆಗೆ ಮಚ್ಚು ತಾಗಿಸುವಂತಿಲ್ಲ. ನೀವು ನಗಬಹುದು, ಕಾಯಿ ಕೀಳುವವರೂ ನಗುತ್ತಿದ್ದರು.

‘ಯಜಮಾನ್ರೇ, ಅಳಿಲ್ಗೂ ಹೇಳ್ಬೇಕಾ?’

‘ಹೇಳಪ್ಪ. ಅದಕ್ಕೂ ಒಂದು ತಲೆ ಐತಲ್ಲ.’

ತಾತ ಎರಡನೇ ಮಹಾಯುದ್ಧದ ಕಾಲದಲ್ಲಿ ಬಂಗಾಳದ ಒಂದು ವಿಮಾನ ನೆಲೆಯಲ್ಲಿ ಬಾಂಬು ತುಂಬುವ ಕೆಲಸದಲ್ಲಿದ್ದರು. ನಾಲ್ಕು ಎಂಜಿನ್ನಿನ ದೊಡ್ಡ ವಿಮಾನಗಳು ಅಲ್ಲಿಂದ ಬರ್ಮಾದತ್ತ ಹೋಗುತ್ತಿದ್ದವು. ಒಂದು ದಿನ ಅವರ ತಂಡ ತುಂಬಿಸಿ ಕಳಿಸಿದ ವಿಮಾನ ಮಳೆಮೋಡಕ್ಕೆ ಸಿಕ್ಕಿ, ಗುರಿ ಕಾಣದೆ, ಹಿಂದಿರುಗಿತು. ಆದರೆ ಅದರ ಹೊಟ್ಟೆ ಖಾಲಿಯಿತ್ತು. ಅಷ್ಟು ಬಾಂಬು ಹೊತ್ತು ಇಳಿಯುವುದು ಅಪಾಯವೆಂದು ದಾರಿಯಲ್ಲೇ ಬೀಳಿಸಿದ್ದರು. ಎಲ್ಲಿ ಎಂದು ತಾತ ಕೇಳಿದರು. ‘ಮೋಡದ ಮೇಲೆ,’ ಎಂದು ವಿಮಾನದಿಂದ ಇಳಿದವನೊಬ್ಬ ನಕ್ಕನಂತೆ. ಹವೆ ಕೆಟ್ಟಿತ್ತು, ಕೆಲಸ ಆಗಲಿಲ್ಲ, ಅಷ್ಟೇ ಎಂದರಂತೆ ಮೇಲಿನವರು.

ಎಷ್ಟೋ ವರ್ಷಗಳ ಮೇಲೆ ತಾತ ಇದನ್ನು ನನಗೆ ಹೇಳಿದಾಗ ನಾನು ತಿಪಟೂರಿನ ಕಾಲೇಜೊಂದರಲ್ಲಿ ಕನ್ನಡ ಮೇಷ್ಟ್ರು. ಬರೆಯಬಲ್ಲೆನೆಂಬ ಹಮ್ಮು ಬೇರೆ. ಕಾಲೇಜಿನ ಸ್ಮರಣ ಸಂಚಿಕೆಗೆ ಈ ಸಂಗತಿ ಬರೆದು ತಾತನಿಗೆ ಓದಿ ಹೇಳಿದೆ. ಕೊನೆಯ ಸಾಲು ನನಗೆ ಬಹಳ ಹಿಡಿಸಿತ್ತು: ‘ಮೋಡ ಅಡ್ಡ ಬಂದು ಎಲ್ಲರನ್ನೂ ಉಳಿಸಿತು.’

ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೇ ಎಂದು ನೋಡುತ್ತಿದ್ದ ತಾತನ ಕೈ ನಿಂತಿತು.

‘ಎಲ್ಲಾರ್ನೂ ಅಂತ ನಿಂಗ್ಯಾರ್ಲಾ ಹೇಳಿದ್ದು? ನೀನು ಮೋಡದ ಕೆಳಗಿದ್ದಾ?’

‘ಎಲ್ಲೋ ಕಾಡಲ್ಲಿ ಬಿದ್ದಿರ್ತವೆ ಬುಡು ತಾತ.’

‘ಕೂಗು ಹಾಕಿದ್ರೇನ್ಲಾ ಅವ್ರು? ಆ ಸಾಲು ತೆಗಿ. ತುಂಬಿದ್ದು ಈ ಕೈ ಕಣ್ಲಾ.’

ತೆಗೆಯುತ್ತೇನೆ ಎಂದೆ. ತೆಗೆಯಲಿಲ್ಲ. ಆಗಲೇ ಅಚ್ಚಾಗಿಬಿಟ್ಟಿದೆ ಎಂದು ಸುಳ್ಳು ಹೇಳಿದೆ. ಅಚ್ಚಿಗೆ ಹೋಗಲು ಇನ್ನೂ ನಾಲ್ಕು ದಿನವಿತ್ತು. ಸಾಲು ಚೆನ್ನಾಗಿತ್ತು, ಅದಕ್ಕೆ. ಸಂಚಿಕೆ ಮನೆಗೆ ಬಂದಾಗ ತಾತ ಅದನ್ನು ಮುಟ್ಟಲಿಲ್ಲ. ಸಾಯುವವರೆಗೂ ಮುಟ್ಟಲಿಲ್ಲ.

ಇವತ್ತಿನ ಪತ್ರಿಕೆಯಲ್ಲೂ ಯಾವುದೋ ದೇಶದ ಯುದ್ಧದ ಸುದ್ದಿಯಿದೆ. ಪ್ರತಿಕೂಲ ಹವಾಮಾನ, ವಿಮಾನಗಳು ವಾಪಸ್. ಹೊತ್ತೊಯ್ದ ಬಾಂಬುಗಳು ಏನಾದವು ಎಂಬ ಒಂದು ಮಾತಿಲ್ಲ. ಬರೆದವನ ಕೊರಳಪಟ್ಟಿ ಹಿಡಿದು ಕೇಳಬೇಕೆನಿಸಿತು. ಹಿಡಿಯಬೇಕಾದ ಮೊದಲ ಕೊರಳಪಟ್ಟಿ ನನ್ನದು.

ಯಾಕೆ ಕೂಗು ಹಾಕಲಿಲ್ಲವೆಂದು ಸಿದ್ದೇಶನನ್ನು ಕೇಳಿದೆ. ‘ಯಾರೂ ಇರ್ಲಿಲ್ವಲ್ಲ ಸಾ!’ ಎಂದ ಮರದ ಮೇಲಿನಿಂದ.

‘ನಾನಿದ್ದೆ ಕಣಯ್ಯ! ನೋಡಿದ್ಯಾ? ಕೂಗು ಹಾಕು!’ ಅರಚಿದೆ. ಅಷ್ಟು ಜೋರಾಗಿ ನಾನು ಯಾರ ಮೇಲೂ ಅರಚಿದವನಲ್ಲ.

‘ಕಾಯಿ ಬತ್ತೈತೆ!’

ಎದ್ದು ಮರದ ಸುತ್ತ ನಡೆದೆ. ಬೇಲಿಯಾಚೆ ನೋಡಿದೆ. ಬಸಿಗಾಲುವೆಗೆ ಬಗ್ಗಿ ನೋಡಿದೆ. ಎಲ್ಲರೂ ಉಳಿದರೆಂದು ನಾನು ಬರೆದದ್ದು ಸುಳ್ಳು; ಉಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಸಿದ್ದೇಶ ಮಚ್ಚು ಹಿಡಿದು ಕಾಯುತ್ತಿದ್ದ.

‘ಬುಡ್ಲಾ ಸಾ?’

‘ತಡಿಯಪ್ಪ,’ ಎಂದೆ. ‘ಇನ್ನೂ ನೋಡ್ತಿದೀನಿ.’